ಆದಿಮಾನವರು ಸಸ್ಯಗಳನ್ನು ಪಳಗಿಸಲು ತೊಡಗಿದ್ದೇಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಾಯದ ಹುಟ್ಟಿನ ಬಗ್ಗೆ ಓದುವವರು ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಅತ್ಯಂತ ಹಳೆಯದೂ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದೂ ಪಶ್ಚಿಮ ಏಷ್ಯಾದ ಸಾಕ್ಷ್ಯವಾದ್ದರಿಂದ ಬಹುತೇಕ ಉದಾಹರಣೆಗಳು ಅಲ್ಲಿಯವು. ಕರ್ನಾಟಕದ ಬಯಲುಸೀಮೆಯಲ್ಲಿ ಸ್ವತಂತ್ರವಾಗಿ ನಡೆದ ಬೆಳವಣಿಗೆಯನ್ನೂ ಒಂದು ಪ್ರಶ್ನೆಯಡಿ ವಿವರಿಸಲಾಗಿದೆ. ‘ಏಕೆ’ ಎಂಬ ಒಂದೇ ಮಾತಿನಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿವೆ: ಆ ಕಾಲದಲ್ಲೇ ಏಕೆ, ಆ ಗಿಡಗಳನ್ನೇ ಏಕೆ, ಒಮ್ಮೆ ತೊಡಗಿದವರು ಹಳೆಯ ಬದುಕಿಗೆ ಹಿಂದಿರುಗಲಿಲ್ಲವೇಕೆ. ಇವನ್ನು ಬಿಡಿಸಿ ನೋಡಿದರೆ ಮಾತ್ರ ಉತ್ತರ ಸಿಗುತ್ತದೆ ಎಂಬುದು ಈ ಬರಹದ ನಿಲುವು.

ಸಸ್ಯವನ್ನು ಬೆಳೆಯುವುದಕ್ಕೂ ಪಳಗಿಸುವುದಕ್ಕೂ ವ್ಯತ್ಯಾಸವಿದೆಯೇ?

ಇದೆ, ಮತ್ತು ಮುಂದಿನ ಉತ್ತರಗಳೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿವೆ. ಬೆಳೆಯುವುದು ಮನುಷ್ಯ ಮಾಡುವ ಕೆಲಸ: ನೆಲ ಹಸನು ಮಾಡುವುದು, ಬೀಜ ಚೆಲ್ಲುವುದು, ಕಳೆ ಕೀಳುವುದು, ಕೊಯ್ಯುವುದು. ಪಳಗುವುದು ಗಿಡದೊಳಗೆ ಆಗುವ ಬದಲಾವಣೆ: ಹತ್ತಾರು ತಲೆಮಾರು ಮನುಷ್ಯನ ಕೈಯಲ್ಲಿ ಬೆಳೆದ ಗಿಡದ ಆನುವಂಶಿಕ ಗುಣಗಳು ಬದಲಾಗುತ್ತಾ ಹೋಗಿ, ಕೊನೆಗೆ ಬಿತ್ತುವ ಕೈ ಇಲ್ಲದಿದ್ದರೆ ಅದು ತನ್ನ ಸಂತತಿಯನ್ನೇ ಮುಂದುವರಿಸಲಾರದ ಸ್ಥಿತಿಗೆ ಬರುತ್ತದೆ. ಕಾಡುಗಿಡವನ್ನು ನೂರಾರು ವರ್ಷ ಬೆಳೆದರೂ ಅದು ಪಳಗದೆಯೇ ಉಳಿಯಬಹುದು. ಇತಿಹಾಸದಲ್ಲಿ ಹಾಗೆ ಆಗಿಯೂ ಇದೆ.

ಕಾಡು ಬಾರ್ಲಿಯ ತೆನೆಯನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಕಾಳು ಬಲಿತು ಒಣಗಿದೊಡನೆ ತೆನೆಯ ನಡುದಂಟು ಗೆಣ್ಣು ಗೆಣ್ಣಿಗೆ ಮುರಿಯುತ್ತದೆ. ಚೂಪು ತುದಿಯ, ಉದ್ದ ಮುಳ್ಳುಕೂದಲಿನ ಕಾಳುಗಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಉದುರಿ ಮಣ್ಣಿನ ಬಿರುಕುಗಳಿಗೆ ಇಳಿಯುತ್ತವೆ. ಗಿಡಕ್ಕೆ ಇದು ಅನುಕೂಲ, ಕೊಯ್ಯುವವರಿಗೆ ನಷ್ಟ. ಅಕ್ಕಪಕ್ಕದಲ್ಲಿರುವ ಎರಡು ಜೀನುಗಳಲ್ಲಿ ಯಾವುದಾದರೂ ಒಂದು ಕೆಲಸ ನಿಲ್ಲಿಸಿದರೆ ದಂಟು ಮುರಿಯುವುದಿಲ್ಲ, ಕಾಳು ತೆನೆಯಲ್ಲೇ ಉಳಿಯುತ್ತದೆ. ಕಾಡಿನಲ್ಲಿ ಅಂತಹ ಗಿಡಕ್ಕೆ ಉಳಿಗಾಲವಿಲ್ಲ. ಹೊಲದಲ್ಲಿ ಕುಡುಗೋಲಿಗೆ ಸಿಕ್ಕಿ, ಕಣಕ್ಕೆ ಬಂದು, ಮರುವರ್ಷದ ಬಿತ್ತನೆಗೆ ಹೋಗುವುದು ಅದೇ. ಸಾವಿರಾರು ವರ್ಷ ಹಳೆಯ ತೆನೆಯ ಚೂರಿನಲ್ಲಿ ಕಾಳು ತಾನಾಗಿ ಕಳಚಿದ್ದರೆ ನುಣುಪಾದ ಗಾಯದ ಗುರುತು ಉಳಿದಿರುತ್ತದೆ, ಬಡಿದು ಬಿಡಿಸಿದ್ದರೆ ಹರಿದ ಗುರುತು ಕಾಣುತ್ತದೆ. ಪಳಗಿದ ಧಾನ್ಯವನ್ನು ಗುರುತಿಸಲು ಪುರಾತತ್ವಜ್ಞರು ನೆಚ್ಚುವುದು ಈ ಗುರುತನ್ನು.

ಈ ಕಾಡುಗುಣ ನಮ್ಮ ಎಲ್ಲ ಬೆಳೆಗಳಿಂದಲೂ ಪೂರ್ತಿಯಾಗಿ ಹೋಗಿಲ್ಲ. ಹೆಸರಿನ ಒಣಗಿದ ಕಾಯಿಯನ್ನು ಬಿಸಿಲೇರಿದ ಮೇಲೆ ಮುಟ್ಟಿದರೆ ಸಿಡಿದು ಕಾಳು ಚೆಲ್ಲುತ್ತದೆಂದೇ ರೈತರು ಬೆಳಗಿನ ತಂಪಿನಲ್ಲಿ ಕಾಯಿ ಬಿಡಿಸುತ್ತಾರೆ; ಎಳ್ಳನ್ನು ಕಾಯಿ ಬಾಯಿಬಿಡುವ ಮುನ್ನವೇ ಕೊಯ್ದು ನಿಲ್ಲಿಸಿ ಒಣಗಿಸುತ್ತಾರೆ.

ಇದು ಎಲ್ಲಿ, ಯಾವಾಗ ನಡೆಯಿತು?

ಒಂದೇ ಕಡೆ ಅಲ್ಲ. ಸಂಪರ್ಕವೇ ಇಲ್ಲದ ಕನಿಷ್ಠ ಹತ್ತು ಪ್ರದೇಶಗಳಲ್ಲಿ ಜನ ತಮ್ಮ ಸುತ್ತಲಿನ ಗಿಡಗಳನ್ನು ಸ್ವತಂತ್ರವಾಗಿ ಪಳಗಿಸಿದರು. ಇಂದಿನ ಇಸ್ರೇಲ್, ಜೋರ್ಡಾನ್, ಸಿರಿಯಾ, ಆಗ್ನೇಯ ಟರ್ಕಿ, ಇರಾಕ್ ಮತ್ತು ಪಶ್ಚಿಮ ಇರಾನ್‌ಗಳ ಮೇಲೆ ಬಾಗಿದಂತಿರುವ ಫಲವತ್ತಾದ ಅರ್ಧಚಂದ್ರ ಪ್ರದೇಶದಲ್ಲಿ ಸುಮಾರು 11,500 ವರ್ಷಗಳ ಹಿಂದೆ ಕಾಡುಧಾನ್ಯಗಳ ಬಿತ್ತನೆ ತೊಡಗಿ, ಮುಂದಿನ ಸಹಸ್ರಮಾನಗಳಲ್ಲಿ ಎರಡು ಬಗೆಯ ಗೋಧಿ (ಐನ್‌ಕಾರ್ನ್ ಮತ್ತು ಎಮ್ಮರ್), ಬಾರ್ಲಿ, ಮಸೂರ, ಬಟಾಣಿ, ಕಡಲೆ, ಅಗಸೆ ಪಳಗಿದವು. ಚೀನಾದ ಯಾಂಗ್ಟ್ಸಿ ಕಣಿವೆಯಲ್ಲಿ ಭತ್ತ, ಉತ್ತರ ಚೀನಾದಲ್ಲಿ ನವಣೆ ಮತ್ತು ಬರಗು, ಮೆಕ್ಸಿಕೋದಲ್ಲಿ ಕುಂಬಳದ ಜಾತಿ ಮತ್ತು ಮೆಕ್ಕೆಜೋಳ, ಆಂಡಿಸ್ ಪರ್ವತಗಳಲ್ಲಿ ಆಲೂಗಡ್ಡೆ, ನ್ಯೂಗಿನಿಯ ಕುಕ್ ಎಂಬ ಜೌಗು ನೆಲದಲ್ಲಿ ಬಾಳೆ, ಆಫ್ರಿಕಾದಲ್ಲಿ ಜೋಳ, ಸಜ್ಜೆ, ರಾಗಿ ಹೀಗೆಯೇ ಮನುಷ್ಯನ ಕೈಗೆ ಬಂದವು. ಒಂದು ಕಡೆ ಹುಟ್ಟಿದ ಜಾಣ್ಮೆ ಲೋಕಕ್ಕೆಲ್ಲ ಹರಡಿತು ಎಂಬ ಹಳೆಯ ಕಲ್ಪನೆಗೆ ಇಂದು ಆಧಾರವಿಲ್ಲ.

ಅದಕ್ಕೂ ಮುಂಚೆ ಬೀಜ ಬಿತ್ತಿದರೆ ಗಿಡ ಬರುತ್ತದೆಂಬ ತಿಳಿವಳಿಕೆ ಮನುಷ್ಯರಿಗೆ ಇರಲಿಲ್ಲವೇ?

ಯಾರೋ ಒಬ್ಬರು ಗುಡಿಸಲ ಬಳಿ ಚೆಲ್ಲಿದ ಕಾಳು ಮೊಳೆತದ್ದನ್ನು ಕಂಡು ಬೇಸಾಯವನ್ನು ಕಂಡುಹಿಡಿದರು ಎಂಬ ಕಥೆ ಮಕ್ಕಳ ಪುಸ್ತಕಗಳಲ್ಲಿ ಇನ್ನೂ ಉಳಿದಿದೆ. ಅದು ಆ ಜನರ ಜ್ಞಾನಕ್ಕೆ ಮಾಡುವ ಅನ್ಯಾಯ. ಬೇಟೆ ಮತ್ತು ಸಂಗ್ರಹಣೆಯಿಂದ ಬದುಕುವವರಿಗೆ ಯಾವ ಗಿಡ ಯಾವ ತಿಂಗಳಲ್ಲಿ ಎಲ್ಲಿ ಬೀಜ ಕಟ್ಟುತ್ತದೆ, ಯಾವ ಗೆಡ್ಡೆಯ ವಿಷವನ್ನು ಎಷ್ಟು ಹೊತ್ತು ನೆನೆಸಿ ತೆಗೆಯಬೇಕು ಎಂಬುದೆಲ್ಲ ಹೊಟ್ಟೆಪಾಡಿನ ವಿದ್ಯೆ. ಬೀಜದಿಂದ ಗಿಡ ಹುಟ್ಟುತ್ತದೆಂಬುದು ಅವರಿಗೆ ತಿಳಿಯದೆ ಇರಲು ಸಾಧ್ಯವೇ ಇಲ್ಲ.

ಇದಕ್ಕೆ ಗಟ್ಟಿಯಾದ ಪುರಾವೆಯೂ ಇದೆ. 1989ರಲ್ಲಿ ಇಸ್ರೇಲಿನ ಗಲಿಲೀ ಸರೋವರದ ನೀರು ತೀರ ಇಳಿದಾಗ ಓಹಾಲೋ ಎಂಬಲ್ಲಿ ಸುಮಾರು 23,000 ವರ್ಷ ಹಳೆಯ ಗುಡಿಸಲುಗಳ ನೆಲೆ ಕಂಡುಬಂತು. ಕೆಸರು ಗಾಳಿಯನ್ನು ತಡೆದಿದ್ದರಿಂದ ನೂರಕ್ಕೂ ಹೆಚ್ಚು ಜಾತಿಯ ಸಸ್ಯಗಳ ಸಾವಿರಾರು ಅವಶೇಷಗಳು ಅಲ್ಲಿ ಉಳಿದಿದ್ದವು: ಕಾಡು ಬಾರ್ಲಿ, ಕಾಡು ಗೋಧಿ, ಹುಲ್ಲುಗಳ ಸಣ್ಣ ಬೀಜ, ಹಣ್ಣು. ಒಂದು ಗುಡಿಸಲಿನ ನೆಲದಲ್ಲಿ ನೆಟ್ಟಿದ್ದ ಅರೆಯುವ ಕಲ್ಲಿನ ಮೇಲೆ ಧಾನ್ಯದ ಪಿಷ್ಟದ ಕಣಗಳು ಸಿಕ್ಕಿದವು. ಜೋರ್ಡಾನಿನ ಶುಬೈಕಾ ನೆಲೆಯ ಒಲೆಗಳಲ್ಲಿ ಸುಮಾರು 14,400 ವರ್ಷ ಹಿಂದಿನ, ರೊಟ್ಟಿಯಂತಹ ತಿನಿಸಿನ ಸುಟ್ಟ ಚೂರುಗಳು ಸಿಕ್ಕಿವೆ. ಬೇಸಾಯಕ್ಕೆ ಸಾವಿರಾರು ವರ್ಷ ಮುಂಚೆಯೇ ಜನ ಕಾಡುಧಾನ್ಯವನ್ನು ಕೊಯ್ದು, ಕುಟ್ಟಿ, ಅರೆದು, ಸುಟ್ಟು ತಿನ್ನುತ್ತಿದ್ದರು. ತಿಳಿವಳಿಕೆಯ ಕೊರತೆ ಇರಲಿಲ್ಲ. ಆ ತಿಳಿವಳಿಕೆಯನ್ನು ವರ್ಷವಿಡೀ ದುಡಿಮೆಯಾಗಿ ಮಾಡಿಕೊಳ್ಳುವ ಅಗತ್ಯ ಇರಲಿಲ್ಲ.

ಹಾಗಾದರೆ ಹಸಿವೇ ಕಾರಣವೇ?

ಇದು ಅತ್ಯಂತ ಸಹಜವಾಗಿ ಹೊಳೆಯುವ ಉತ್ತರ, ಆದರೆ ನೇರವಾಗಿ ಒಪ್ಪುವಂತಹದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪುರಾತತ್ವಜ್ಞ ಗಾರ್ಡನ್ ಚೈಲ್ಡ್ ಅವರು, ಹಿಮಯುಗ ಮುಗಿದಾಗ ನಾಡು ಒಣಗಿ, ಮನುಷ್ಯರೂ ಪ್ರಾಣಿಗಳೂ ಗಿಡಗಳೂ ನೀರಿನ ತಾಣಗಳ ಸುತ್ತ ಒತ್ತೊತ್ತಾಗಿ ಸೇರಿದ್ದರಿಂದ ಪಳಗಿಸುವಿಕೆ ನಡೆಯಿತು ಎಂದು ವಾದಿಸಿದರು. ಹಿಮಯುಗದ ಕೊನೆಯಲ್ಲಿ ಆ ಪ್ರದೇಶ ಒಟ್ಟಿನಲ್ಲಿ ಬೆಚ್ಚಗಾಗಿ ತೇವವಾಯಿತೆಂದು ಮುಂದೆ ತಿಳಿದದ್ದರಿಂದ ಆ ವಾದ ಹಿಂದೆ ಸರಿಯಿತು. 1960ರ ದಶಕದ ಕೊನೆಯಲ್ಲಿ ಲೂಯಿಸ್ ಬಿನ್‌ಫರ್ಡ್, 1970ರ ದಶಕದಲ್ಲಿ ಮಾರ್ಕ್ ಕೋಹೆನ್ ಅವರು ಏರುತ್ತಿದ್ದ ಜನಸಂಖ್ಯೆಯ ಒತ್ತಡವನ್ನು ಮುಂದಿಟ್ಟರು.

ಭೂಗೋಳ ವಿದ್ವಾಂಸ ಕಾರ್ಲ್ ಸಾವರ್ ಇದಕ್ಕೆ ತೀರ ವಿರುದ್ಧವಾದ ಮಾತನ್ನು ಮೊದಲೇ ಹೇಳಿದ್ದರು: ಹಸಿದವರಿಗೆ ಗಿಡಗಳ ಮೇಲೆ ನಿಧಾನವಾಗಿ ಪ್ರಯೋಗ ಮಾಡುವ ಬಿಡುವು ಇರುವುದಿಲ್ಲ, ಬಿತ್ತನೆಗೆಂದು ಎತ್ತಿಟ್ಟ ಬೀಜವನ್ನೇ ಅವರು ತಿನ್ನಬೇಕಾಗುತ್ತದೆ. ಉತ್ಖನನಗಳು ಈ ಮಾತಿಗೆ ಹೆಚ್ಚು ಬೆಂಬಲ ಕೊಡುತ್ತವೆ. ಅತಿ ಹಳೆಯ ಬೇಸಾಯದ ನೆಲೆಗಳು ಬಡ ನೆಲದಲ್ಲಿಲ್ಲ. ನದಿ, ಜೌಗು, ಕಾಡು, ಹುಲ್ಲುಗಾವಲು ಸೇರುವ ಸಮೃದ್ಧ ಜಾಗಗಳಲ್ಲಿವೆ. ಸಸ್ಯವಿಜ್ಞಾನಿ ಜ್ಯಾಕ್ ಹಾರ್ಲನ್ 1966ರಲ್ಲಿ ಟರ್ಕಿಯ ಕರಜದಾಗ್ ಬೆಟ್ಟದ ಇಳಿಜಾರಿನಲ್ಲಿ ಕಾಡು ಐನ್‌ಕಾರ್ನ್ ಗೋಧಿಯನ್ನು ಮೊದಲು ಬರಿಗೈಯಿಂದಲೂ ಬಳಿಕ ಕಲ್ಲಿನ ಅಲಗಿನ ಕುಡುಗೋಲಿನಿಂದಲೂ ಕೊಯ್ದು ನೋಡಿದರು. ಗಂಟೆಗೆ ಸುಮಾರು ಒಂದು ಕಿಲೋ ಶುದ್ಧ ಕಾಳು ಸಿಕ್ಕಿತು. ತೆನೆ ಮಾಗುವ ಮೂರು ವಾರಗಳಲ್ಲಿ ಒಂದು ಕುಟುಂಬ ತಾನು ವರ್ಷವೆಲ್ಲ ತಿನ್ನುವುದಕ್ಕಿಂತ ಹೆಚ್ಚು ಧಾನ್ಯವನ್ನು ಬಿತ್ತದೆಯೇ ಕೂಡಿಡಬಹುದೆಂದು ಅವರು ಲೆಕ್ಕ ಹಾಕಿದರು. ಹಾರ್ಲನ್ ಅವರಿಗೆ ಇದರಿಂದ ಹುಟ್ಟಿದ ಪ್ರಶ್ನೆಯೇ ಎಲ್ಲರನ್ನೂ ಇಂದಿಗೂ ಕಾಡುವಂತಹದು: ಕಾಡಿನಲ್ಲೇ ಇಷ್ಟು ಸಿಗುವಾಗ ಹೊಲ ಏಕೆ ಬೇಕಾಯಿತು?

ನನ್ನ ದೃಷ್ಟಿಯಲ್ಲಿ ಸಾಕ್ಷ್ಯಕ್ಕೆ ಹೆಚ್ಚು ಒಪ್ಪುವ ಉತ್ತರವೆಂದರೆ, ಅವರನ್ನು ನಡೆಸಿದ್ದು ಇಂದಿನ ಹಸಿವಲ್ಲ, ಸುಗ್ಗಿ ಕಳೆದ ಮೇಲಿನ ತಿಂಗಳುಗಳ ಚಿಂತೆ. ಕಾಡುಧಾನ್ಯ ಒಂದು ವರ್ಷ ಹುಲುಸಾಗಿ ಬರುತ್ತದೆ, ಮರುವರ್ಷ ಮಳೆ ತಪ್ಪಿದರೆ ಜೊಳ್ಳಾಗುತ್ತದೆ. ನೆಲೆಯ ಹತ್ತಿರದ ತೇವದ ನೆಲದಲ್ಲಿ ಒಂದಿಷ್ಟು ಬೀಜ ಚೆಲ್ಲಿಕೊಂಡರೆ ಆ ಏರಿಳಿತ ಸ್ವಲ್ಪ ತಗ್ಗುತ್ತದೆ. ಬದುಕಿನ ಪೂರ್ತಿ ಆಧಾರವಾಗಿ ಅಲ್ಲ, ಬೇಟೆ ಮತ್ತು ಸಂಗ್ರಹಣೆಯ ಜೊತೆಗಿನ ಒಂದು ಭದ್ರತೆಯಾಗಿ ಬಿತ್ತನೆ ಆರಂಭವಾಯಿತು.

ಲಕ್ಷಾಂತರ ವರ್ಷ ಇಲ್ಲದ್ದು ಕೊನೆಯ ಹನ್ನೆರಡು ಸಾವಿರ ವರ್ಷಗಳಲ್ಲೇ ಏಕೆ, ಅದೂ ಹಲವು ಖಂಡಗಳಲ್ಲಿ?

ನಮ್ಮಂತಹ ಮನುಷ್ಯರು ಭೂಮಿಯ ಮೇಲೆ ಸುಮಾರು ಮೂರು ಲಕ್ಷ ವರ್ಷಗಳಿಂದ ಇದ್ದಾರೆ. ಬುದ್ಧಿ ಇತ್ತು, ಕೈಚಳಕ ಇತ್ತು, ಹವಾಮಾನ ಒಗ್ಗಿರಲಿಲ್ಲ. ಹಿಮಯುಗದ ಕಾಲದ ಹವೆ ಬರೀ ತಣ್ಣಗಿರಲಿಲ್ಲ, ಕೆಲವೇ ದಶಕಗಳಲ್ಲಿ ತೀವ್ರವಾಗಿ ಏರುಪೇರಾಗುತ್ತಿತ್ತು ಎಂಬುದನ್ನು ಗ್ರೀನ್‌ಲ್ಯಾಂಡಿನ ಹಿಮದ ಪದರಗಳು ದಾಖಲಿಸಿವೆ. ಒಂದೇ ನೆಲದಲ್ಲಿ ಒಂದೇ ಗಿಡವನ್ನು ತಲೆಮಾರುಗಳ ಕಾಲ ಬೆಳೆಯುವುದಕ್ಕೆ ಅಂತಹ ಹವೆ ಅವಕಾಶ ಕೊಡುವುದಿಲ್ಲ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕೂಡ ಹಿಮಯುಗದ ಉತ್ತುಂಗದಲ್ಲಿ ದಶಲಕ್ಷಕ್ಕೆ 190 ಭಾಗದ ಆಸುಪಾಸಿನಲ್ಲಿದ್ದು, ಹಿಮಯುಗ ಮುಗಿಯುವ ಹೊತ್ತಿಗೆ 260 ಭಾಗ ದಾಟಿತು. ಗೋಧಿ, ಬಾರ್ಲಿ, ಭತ್ತ, ಬೇಳೆಕಾಳುಗಳಂತಹ ಗಿಡಗಳು ಈ ಏರಿಕೆಯಿಂದ ಗಣನೀಯವಾಗಿ ಹೆಚ್ಚು ಇಳುವರಿ ಕೊಡುತ್ತವೆ.

ಸುಮಾರು 11,700 ವರ್ಷಗಳ ಹಿಂದೆ ಇಂದಿನ ಬೆಚ್ಚಗಿನ, ಹೆಚ್ಚು ಸ್ಥಿರವಾದ ಯುಗ ಆರಂಭವಾಯಿತು. ಪೀಟರ್ ರಿಚರ್ಸನ್, ರಾಬರ್ಟ್ ಬಾಯ್ಡ್ ಮತ್ತು ರಾಬರ್ಟ್ ಬೆಟಿಂಜರ್ 2001ರಲ್ಲಿ ಮಂಡಿಸಿದ ವಾದದಂತೆ, ಹಿಮಯುಗದಲ್ಲಿ ಬೇಸಾಯ ಅಸಾಧ್ಯವಾಗಿತ್ತು, ಈ ಹೊಸ ಯುಗದಲ್ಲಿ ಅದು ಕಾಲಕ್ರಮದಲ್ಲಿ ಅನಿವಾರ್ಯವಾಯಿತು. ‘ಅನಿವಾರ್ಯ’ ಎಂಬುದು ತುಸು ಹೆಚ್ಚಾಯಿತೆಂದು ನನಗೆ ಅನ್ನಿಸಿದರೂ, ‘ಅಸಾಧ್ಯ’ ಎಂಬ ಮೊದಲ ಭಾಗ ಬಹಳ ಗಟ್ಟಿಯಾದದ್ದು. ಸಂಬಂಧವೇ ಇಲ್ಲದ ಖಂಡಗಳಲ್ಲಿ ಕೆಲವೇ ಸಾವಿರ ವರ್ಷಗಳ ಅಂತರದಲ್ಲಿ ಒಂದೇ ಬಗೆಯ ಬದಲಾವಣೆ ನಡೆದದ್ದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಬೇರೆ ಇಲ್ಲ. ಹವಾಮಾನ ಬಾಗಿಲು ತೆರೆಯಿತು. ಒಳಗೆ ಯಾರು ಯಾವಾಗ ಹೋದರೆಂಬುದಕ್ಕೆ ಸ್ಥಳೀಯ ಕಾರಣಗಳನ್ನೇ ಹುಡುಕಬೇಕು.

ಮಧ್ಯೆ ಮತ್ತೆ ಚಳಿ ಮರಳಿದ್ದರಿಂದ ಬೇಸಾಯ ಹುಟ್ಟಿತು ಎಂಬ ವಾದ ಸರಿಯೇ?

ಸುಮಾರು 12,900 ವರ್ಷಗಳ ಹಿಂದೆ, ಬೆಚ್ಚಗಾಗುತ್ತಿದ್ದ ಭೂಮಿಯ ಉತ್ತರಾರ್ಧ ಹಠಾತ್ತಾಗಿ ಮತ್ತೆ ತಣ್ಣಗಾಗಿ, ಆ ಸ್ಥಿತಿ ಸುಮಾರು 1,200 ವರ್ಷ ಉಳಿಯಿತು. ಸಿರಿಯಾದಲ್ಲಿ ಯೂಫ್ರೆಟಿಸ್ ನದಿಯ ದಂಡೆಯ ಅಬು ಹುರೇರಾ ನೆಲೆಯನ್ನು 1972 ಮತ್ತು 1973ರಲ್ಲಿ ಆಂಡ್ರ್ಯೂ ಮೂರ್ ನೇತೃತ್ವದ ತಂಡ ಅವಸರದಲ್ಲಿ ಅಗೆಯಿತು, ಏಕೆಂದರೆ ಅಣೆಕಟ್ಟೆಯ ನೀರಿನಲ್ಲಿ ಅದು ಮುಳುಗಲಿತ್ತು. ಇಂದು ಅದು ಅಸ್ಸಾದ್ ಸರೋವರದ ತಳದಲ್ಲಿದೆ. ಅಲ್ಲಿನ ಬೀಜಗಳನ್ನು ವರ್ಷಗಟ್ಟಲೆ ಪರಿಶೀಲಿಸಿದ ಗಾರ್ಡನ್ ಹಿಲ್‌ಮನ್, ಚಳಿ ಮರಳಿದ ಕಾಲದಲ್ಲಿ ನೀರು ಹೆಚ್ಚು ಬೇಡುವ ಕಾಡುಗಿಡಗಳ ಬೀಜ ಒಂದೊಂದಾಗಿ ಕಣ್ಮರೆಯಾಗಿ, ಒಣಭೂಮಿಯ ಹೊಲದ ಕಳೆಗಳ ಬೀಜ ಹೆಚ್ಚಾದದ್ದನ್ನೂ ರೈ ಎಂಬ, ಗೋಧಿಯನ್ನು ಹೋಲುವ ಧಾನ್ಯದ ಕೆಲವು ದಪ್ಪ ಕಾಳುಗಳನ್ನೂ ಗುರುತಿಸಿ, ಸಂಕಷ್ಟದಲ್ಲಿ ಜನ ರೈ ಬಿತ್ತಲು ತೊಡಗಿದರು ಎಂದರು. ಕಾಳುಗಳು ಬೆರಳೆಣಿಕೆಯಷ್ಟೇ ಇದ್ದದ್ದರಿಂದ ಆ ತೀರ್ಮಾನವನ್ನು ಹಲವರು ಒಪ್ಪಿಲ್ಲ. ಬೇಸಾಯ ನಿಜವಾಗಿ ಬೇರೂರಿದ್ದು ಚಳಿ ಮುಗಿದು ಹವೆ ಸುಧಾರಿಸಿದ ಮೇಲೆ. ಆ ಶತಮಾನಗಳು ಜನರಿಗೆ ಕೂಡಿಡುವುದನ್ನೂ ಹಲವು ಬಗೆಯ ಆಹಾರವನ್ನು ನೆಚ್ಚುವುದನ್ನೂ ಗಟ್ಟಿಯಾಗಿ ಕಲಿಸಿರಬಹುದು.

ಒಂದೆಡೆ ನೆಲೆನಿಂತದ್ದು ಮೊದಲೋ, ಬೇಸಾಯ ಮೊದಲೋ?

ಪಶ್ಚಿಮ ಏಷ್ಯಾದಲ್ಲಿ ನೆಲೆನಿಂತದ್ದು ಮೊದಲು. ಸುಮಾರು 15,000 ವರ್ಷಗಳ ಹಿಂದಿನಿಂದ ಆ ಪ್ರದೇಶದಲ್ಲಿದ್ದ ನಟೂಫಿಯನ್ ಜನ ಕಲ್ಲಿನ ಬುನಾದಿಯ ಮನೆ ಕಟ್ಟಿಕೊಂಡು, ವರ್ಷದ ಬಹುಭಾಗ ಒಂದೇ ಕಡೆ ಇರುತ್ತಿದ್ದರು. ಅವರ ಒರಳುಗಳು ಬಂಡೆಯಲ್ಲೇ ಕೊರೆದಂತಹವು, ಹೊತ್ತೊಯ್ಯುವ ಸಾಮಾನಲ್ಲ. ಕುಡುಗೋಲಿನ ಕಲ್ಲಿನ ಅಲಗುಗಳ ಮೇಲೆ ಹುಲ್ಲಿನ ದಂಟು ಕೊಯ್ದು ಕೊಯ್ದು ಬಂದ ಹೊಳಪು ಈಗಲೂ ಕಾಣುತ್ತದೆ.

ಆಮೇಲಿನ ಹೆಜ್ಜೆ ಜೋರ್ಡಾನಿನ ಮೃತಸಮುದ್ರದ ಬಳಿಯ ಧ್ರಾ ಎಂಬ ನೆಲೆಯಲ್ಲಿ ಕಾಣುತ್ತದೆ. ಅಲ್ಲಿ ಸುಮಾರು 11,300 ವರ್ಷ ಹಳೆಯ, ದುಂಡನೆಯ ಮಣ್ಣಿನ ಗೋಡೆಯ ಕಣಜಗಳಿವೆ. ಗಾಳಿಯಾಡಲೂ ಇಲಿ-ಹೆಗ್ಗಣ ಸೇರದಿರಲೂ ಅವುಗಳ ಒಳನೆಲವನ್ನು ಎತ್ತರಿಸಲಾಗಿತ್ತು. ಅದರಲ್ಲಿ ತುಂಬಿದ್ದ ಬಾರ್ಲಿ ಇನ್ನೂ ಕಾಡುಬಾರ್ಲಿಯೇ. ಅಂದರೆ ಗಿಡ ಪಳಗುವುದಕ್ಕೆ ಸಾವಿರ ವರ್ಷ ಮುಂಚೆಯೇ ಜನ ಕಣಜದ ಸುತ್ತ ತಮ್ಮ ವರ್ಷವನ್ನು ಹೊಂದಿಸಿಕೊಂಡಿದ್ದರು. ಬಿತ್ತನೆಗೆ ಬೀಜ ಉಳಿಸುವುದು, ಕೂಡಿಟ್ಟದ್ದು ಯಾರಿಗೆ ಸೇರಿದ್ದೆಂದು ತೀರ್ಮಾನಿಸುವುದು, ಅದನ್ನು ಬಿಟ್ಟು ದೂರ ಹೋಗಲಾರದಿರುವುದು ಇವೆಲ್ಲ ಕಣಜದಿಂದ ಹುಟ್ಟುವ ಸಂಗತಿಗಳು. ಪಳಗಿಸುವಿಕೆಯ ಕಾರಣಗಳಲ್ಲಿ ಸಂಗ್ರಹಕ್ಕೆ ಇನ್ನೂ ಹೆಚ್ಚಿನ ಸ್ಥಾನ ಸಲ್ಲಬೇಕೆಂದು ನಾನು ನಂಬಿದ್ದೇನೆ.

ಹಬ್ಬದೂಟ, ಮದ್ಯ ಅಥವಾ ದೇವಸ್ಥಾನಗಳಿಗಾಗಿ ಧಾನ್ಯ ಬೆಳೆದರು ಎಂದೂ ಹೇಳುತ್ತಾರಲ್ಲ?

ಬ್ರಯಾನ್ ಹೇಡನ್ ಅವರ ವಾದದಂತೆ, ಸಮೃದ್ಧಿಯ ಸಮಾಜಗಳಲ್ಲಿ ಹಿರಿತನ ಬಯಸಿದವರು ದೊಡ್ಡ ಔತಣಗಳಿಂದ ಇತರರನ್ನು ಋಣಕ್ಕೆ ಸಿಲುಕಿಸುತ್ತಿದ್ದರು, ಅದಕ್ಕೆ ಬೇಕಾದ ವಿಶೇಷ ಆಹಾರ ಮತ್ತು ಧಾನ್ಯದ ಮದ್ಯಕ್ಕಾಗಿ ಬೆಳೆ ಬೆಳೆಸಿದರು. ಟರ್ಕಿಯ ಗೋಬೆಕ್ಲಿ ತೆಪೆಯಲ್ಲಿ 1995ರಿಂದ ಕ್ಲೌಸ್ ಶ್ಮಿಟ್ ಅಗೆದು ತೆಗೆದ, 11,000 ವರ್ಷಕ್ಕೂ ಹಳೆಯ ಕೆತ್ತನೆಯ ಕಲ್ಲುಕಂಬಗಳ ಆವರಣಗಳು ಈ ವಾದಕ್ಕೆ ಬಲ ಕೊಟ್ಟವು. ಅವನ್ನು ನಿಲ್ಲಿಸಿದವರು ಕಾಡುಧಾನ್ಯ ಮತ್ತು ಬೇಟೆಯ ಮಾಂಸ ತಿನ್ನುತ್ತಿದ್ದವರು, ಮತ್ತು ಐನ್‌ಕಾರ್ನ್ ಗೋಧಿಯ ಕಾಡುಮೂಲವೆಂದು 1997ರ ಡಿಎನ್‌ಎ ಅಧ್ಯಯನ ಗುರುತಿಸಿದ ಕರಜದಾಗ್ ಬೆಟ್ಟ ಅಲ್ಲಿಗೆ ಹೆಚ್ಚು ದೂರವಿಲ್ಲ. ನೂರಾರು ಜನ ಕಂಬ ಎಳೆಯಲು ಸೇರಿದಾಗ ಅವರಿಗೆ ಊಟ ಹಾಕಲೇಬೇಕು. ಇದು ಒಂದು ಪ್ರದೇಶಕ್ಕೆ ಒಪ್ಪುವ ಕಾರಣ. ಮಸೂರ, ಹುರುಳಿ, ಗೆಡ್ಡೆಗಳಂತಹ ದಿನನಿತ್ಯದ ಆಹಾರಕ್ಕೆ ಇದನ್ನು ಅನ್ವಯಿಸುವುದು ಕಷ್ಟ.

ಜನ ಇದನ್ನು ಉದ್ದೇಶಪೂರ್ವಕವಾಗಿ ಮಾಡಿದರೇ? ಎಷ್ಟು ಕಾಲ ಹಿಡಿಯಿತು?

ಬಿತ್ತಿದ್ದು ಉದ್ದೇಶಪೂರ್ವಕ. ಗಿಡದ ಸ್ವಭಾವ ಬದಲಿಸಿದ್ದು ಬಹುಮಟ್ಟಿಗೆ ಹಾಗಲ್ಲ. ಹಿಲ್‌ಮನ್ ಮತ್ತು ಸ್ಟುವರ್ಟ್ ಡೇವಿಸ್ 1990ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಕುಡುಗೋಲಿನಿಂದ ಕೊಯ್ದು ಪ್ರತಿವರ್ಷ ಹೊಸ ನೆಲದಲ್ಲಿ ಬಿತ್ತುತ್ತಾ ಹೋದರೆ ಉದುರದ ಗುಣ ಇಪ್ಪತ್ತರಿಂದ ಇನ್ನೂರು ವರ್ಷಗಳಲ್ಲೇ ಬೆಳೆಯನ್ನೆಲ್ಲ ಆವರಿಸಬಹುದು. ನೆಲದಲ್ಲಿ ಸಿಕ್ಕಿದ ಸಾಕ್ಷ್ಯ ಬೇರೆಯೇ ಹೇಳಿತು: ಪಶ್ಚಿಮ ಏಷ್ಯಾದಲ್ಲಿ ಅದಕ್ಕೆ ಎರಡು-ಮೂರು ಸಾವಿರ ವರ್ಷ ಹಿಡಿಯಿತು. ಹಸಿರು ಬಣ್ಣ ಇರುವಾಗಲೇ ಕೊಯ್ಯುತ್ತಿದ್ದುದು, ಉದುರಿದ್ದನ್ನು ನೆಲದಿಂದ ಆರಿಸುತ್ತಿದ್ದುದು, ಬೆಳೆ ಹೋದ ವರ್ಷ ಕಾಡಿನಿಂದ ಮತ್ತೆ ಬೀಜ ತರುತ್ತಿದ್ದುದು ಇದನ್ನು ನಿಧಾನಿಸಿರಬೇಕು.

ಚೀನಾದ ಟಿಯಾನ್‌ಲುವೊಶಾನ್ ನೆಲೆಯಲ್ಲಿ ಈ ನಿಧಾನಗತಿಯನ್ನು ಎಣಿಸಿಯೇ ತೋರಿಸಲಾಗಿದೆ. ಸುಮಾರು 6,900 ಮತ್ತು 6,600 ವರ್ಷಗಳ ಹಿಂದಿನ ಪದರಗಳ ನಡುವೆ, ಭತ್ತದ ಅವಶೇಷಗಳಲ್ಲಿ ಉದುರದ ಬಗೆಯ ಪ್ರಮಾಣ ಶೇ. 27ರಿಂದ ಶೇ. 39ಕ್ಕೆ ಏರಿತ್ತು. ಮುನ್ನೂರು ವರ್ಷವೆಂದರೆ ಹನ್ನೆರಡು ತಲೆಮಾರು. ಅವರಲ್ಲಿ ಯಾರಿಗೂ ತಮ್ಮ ಜೀವಿತಾವಧಿಯಲ್ಲಿ ಬದಲಾವಣೆ ಕಣ್ಣಿಗೆ ಬಿದ್ದಿರಲಾರದು. ಅದೇ ಪದರಗಳಲ್ಲಿ ಓಕ್ ಮರದ ಕಾಯಿಗಳೂ ನೀರಿನಲ್ಲಿ ಬೆಳೆಯುವ ಕಾಯಿಗಳೂ ರಾಶಿಯಾಗಿ ಸಿಕ್ಕಿವೆ. ಭತ್ತ ಅವರ ಹಲವು ಆಹಾರಗಳಲ್ಲಿ ಒಂದು, ಅಷ್ಟೆ.

ಮೊದಲು ಬೆಳೆ ಬೆಳೆದವರು ಹೆಂಗಸರೇ?

ಬೇಟೆ-ಸಂಗ್ರಹಣೆಯ ಸಮಾಜಗಳಲ್ಲಿ ಬೀಜ, ಗೆಡ್ಡೆ, ಸೊಪ್ಪುಗಳ ಸಂಗ್ರಹ ಬಹುತೇಕ ಹೆಂಗಸರ ಕೈಯಲ್ಲಿರುವುದರಿಂದ, ಗಿಡಗಳ ಬಗೆಗಿನ ಆಳವಾದ ತಿಳಿವಳಿಕೆಯೂ ಮೊದಲ ಬಿತ್ತನೆಯೂ ಅವರದೆಂಬ ಊಹೆಗೆ ಒಳ್ಳೆಯ ಆಧಾರವಿದೆ. ನೇರವಾದ ಪುರಾವೆ ಧಾನ್ಯವನ್ನು ಹಿಟ್ಟು ಮಾಡಿದ ಕೆಲಸಕ್ಕೆ ಸಂಬಂಧಿಸಿದ್ದು, ಅದನ್ನು ಮುಂದಿನ ಉತ್ತರದಲ್ಲಿ ನೋಡಬಹುದು.

ಬೇಸಾಯದಿಂದ ಬದುಕು ಸುಧಾರಿಸಿತೇ? ಇಲ್ಲವಾದರೆ ಅದನ್ನು ಬಿಡಲಿಲ್ಲವೇಕೆ?

ಮೊದಲ ರೈತರ ಎಲುಬುಗಳು ಸುಧಾರಣೆಯ ಕಥೆ ಹೇಳುವುದಿಲ್ಲ. ಹಲವು ಪ್ರದೇಶಗಳಲ್ಲಿ ಬೇಸಾಯ ಬಂದ ಮೇಲೆ ಜನರ ಎತ್ತರ ತಗ್ಗಿದೆ, ಹಲ್ಲಿನ ಹುಳುಕು ಹೆಚ್ಚಿದೆ, ಬಾಲ್ಯದ ಅಪೌಷ್ಟಿಕತೆಯ ಗೆರೆಗಳು ಹಲ್ಲಿನ ಮೇಲೆ ಕಾಣುತ್ತವೆ. ಅಬು ಹುರೇರಾದ ಅಸ್ಥಿಗಳನ್ನು ಪರಿಶೀಲಿಸಿದ ಥಿಯಾ ಮಾಲೆಸನ್ ಗುರುತಿಸಿದ್ದು ಮನಕಲಕುವಂತಹದು. ಅಲ್ಲಿನ ಎಷ್ಟೋ ಜನರ, ಅದರಲ್ಲೂ ಹೆಂಗಸರ, ಕಾಲಿನ ಹೆಬ್ಬೆರಳಿನ ಕೀಲು ಸವೆದು ಸಂಧಿವಾತದಿಂದ ಕೆಟ್ಟಿತ್ತು, ಮೊಣಕಾಲಿನ ಎಲುಬುಗಳ ಮೇಲೆ ಒತ್ತಡದ ಗುರುತುಗಳಿದ್ದವು, ಬೆನ್ನಿನ ಕೆಳಭಾಗದ ಮಣಿಗಳು ಜಖಂಗೊಂಡಿದ್ದವು. ನೆಲದ ಮೇಲಿನ ಅಗಲವಾದ ಕಲ್ಲಿನ ಮುಂದೆ ಮಂಡಿಯೂರಿ, ಕಾಲ್ಬೆರಳುಗಳನ್ನು ಒಳಕ್ಕೆ ಮಡಚಿ, ಮೈಭಾರವನ್ನೆಲ್ಲ ಹಾಕಿ ಮುಂದಕ್ಕೂ ಹಿಂದಕ್ಕೂ ಕಾಳು ಅರೆಯುವವರಿಗೆ ಮಾತ್ರ ಇವೆಲ್ಲ ಒಟ್ಟಿಗೆ ಬರುತ್ತವೆ. ದಿನವೂ ಗಂಟೆಗಟ್ಟಲೆ, ಬಾಲ್ಯದಿಂದಲೇ. ಹಿಟ್ಟಿನಲ್ಲಿ ಬೆರೆತ ಕಲ್ಲಿನ ಪುಡಿ ಅವರ ಹಲ್ಲುಗಳನ್ನೂ ಸವೆಸಿತ್ತು.

ಇದರ ಪಕ್ಕದಲ್ಲಿ, 1960ರ ದಶಕದಲ್ಲಿ ಮಾನವಶಾಸ್ತ್ರಜ್ಞ ರಿಚರ್ಡ್ ಲೀ ಆಫ್ರಿಕಾದ ಕಲಹಾರಿ ಮರುಭೂಮಿಯ ಡೋಬೆ ಪ್ರದೇಶದಲ್ಲಿ ಕಂಡದ್ದನ್ನು ಇಡಬೇಕು. ಅಲ್ಲಿನ ಬೇಟೆಗಾರ ಸಮುದಾಯದ ವಯಸ್ಕರು ಆಹಾರ ತರಲು ವಾರಕ್ಕೆ ಇಪ್ಪತ್ತು ಗಂಟೆಗಿಂತ ಕಡಿಮೆ ಕಾಲ ವ್ಯಯಿಸುತ್ತಿದ್ದರು. ಅಡುಗೆ, ಸಲಕರಣೆಗಳ ದುರಸ್ತಿ ಸೇರಿಸಿದರೆ ಅದು ಹೆಚ್ಚಾಗುತ್ತದೆ, ಆದರೂ ಒಕ್ಕಲಿನ ದುಡಿಮೆಗೆ ಸಮವೆನಿಸುವುದಿಲ್ಲ.

ಬಿಡಲಿಲ್ಲವೇಕೆ ಎಂಬುದಕ್ಕೆ ಉತ್ತರ ಮಕ್ಕಳ ಸಂಖ್ಯೆಯಲ್ಲಿದೆ. ಅಲೆಯುವ ಬದುಕಿನಲ್ಲಿ ಒಂದು ಮಗು ನಡೆಯುವವರೆಗೆ ಇನ್ನೊಂದನ್ನು ಹೊರುವುದು ಕಷ್ಟವಾದ್ದರಿಂದ ಹೆರಿಗೆಗಳ ನಡುವೆ ನಾಲ್ಕು ವರ್ಷದಷ್ಟು ಅಂತರ ಇರುತ್ತಿತ್ತು. ನೆಲೆನಿಂತು, ಧಾನ್ಯದ ಗಂಜಿ ಕುಡಿಸಿ ಎದೆಹಾಲು ಬೇಗ ಬಿಡಿಸಲು ಸಾಧ್ಯವಾದಾಗ ಆ ಅಂತರ ತಗ್ಗಿತು. ಜಗತ್ತಿನ ಹಲವು ಭಾಗಗಳ ಹಳೆಯ ಸಮಾಧಿಗಳಲ್ಲಿ ಬೇಸಾಯ ಬಂದೊಡನೆ ಎಳೆಯರ ಪ್ರಮಾಣ ಹೆಚ್ಚಾದದ್ದನ್ನು ಜಾನ್-ಪಿಯರ್ ಬೊಕೆ-ಅಪೆಲ್ ತೋರಿಸಿದ್ದಾರೆ. ಅದು ಹೆಚ್ಚಿದ ಜನನದ ಗುರುತು. ಒಂದು ಕಣಿವೆಯಲ್ಲಿ ಜನ ಎರಡರಷ್ಟಾದ ಮೇಲೆ, ಅಷ್ಟು ಬಾಯಿಗಳನ್ನು ಸಾಕುವ ಕಾಡು ಸುತ್ತ ಉಳಿದಿರುವುದಿಲ್ಲ. ಜಿಂಕೆ ಕಡಿಮೆಯಾಗಿರುತ್ತದೆ, ಕಾಡುಗೋಧಿಯ ಇಳಿಜಾರು ಹೊಲವಾಗಿರುತ್ತದೆ, ಮೊಮ್ಮಕ್ಕಳಿಗೆ ದೂರದ ಗೆಡ್ಡೆಗಳ ಗುರುತೇ ಇರುವುದಿಲ್ಲ. ಪ್ರತಿ ತಲೆಮಾರು ತನಗೆ ಆ ವರ್ಷ ಸರಿಯೆನಿಸಿದ್ದನ್ನು ಮಾಡಿತು, ಹಿಂದಿರುಗುವ ದಾರಿ ಅವರಿಗೆ ತಿಳಿಯದೆಯೇ ಮುಚ್ಚಿತು. ಮೊದಲ ಬಿತ್ತನೆಗೆ ಜನಸಂಖ್ಯೆಯ ಒತ್ತಡ ಕಾರಣವಲ್ಲದಿದ್ದರೂ, ಬೇಸಾಯ ಬಿಡಲಾಗದ ಬದುಕಾದದ್ದಕ್ಕೆ ಅದೇ ಕಾರಣ.

ಕೆಲವು ಗಿಡಗಳು ಮಾತ್ರ ಏಕೆ ಪಳಗಿದವು?

ಗಿಡದ ಸ್ವಭಾವವೂ ಒಪ್ಪಬೇಕು. ಒಂದೇ ವರ್ಷದಲ್ಲಿ ಬೆಳೆದು ಕಾಳು ಕಟ್ಟುವ, ತನ್ನ ಪರಾಗದಿಂದಲೇ ಬೀಜವಾಗುವ, ಕೂಡಿಡಲು ಬರುವ ದಪ್ಪ ಕಾಳಿನ ಗಿಡ ಬೇಗ ಒಗ್ಗುತ್ತದೆ. ಮಾರ್ಕ್ ಬ್ಲೂಮ್ಲರ್ ಪಟ್ಟಿ ಮಾಡಿದ, ಜಗತ್ತಿನ ಅತಿ ದೊಡ್ಡ ಕಾಳಿನ 56 ಕಾಡುಹುಲ್ಲುಗಳಲ್ಲಿ 32 ಮೆಡಿಟರೇನಿಯನ್ ಮತ್ತು ಪಶ್ಚಿಮ ಏಷ್ಯಾ ಪ್ರದೇಶದವು. ಅಲ್ಲಿ ಬೇಸಾಯ ಮೊದಲು ಬೇರೂರಿದ್ದಕ್ಕೆ ಇದೂ ಒಂದು ಕಾರಣ. ಓಕ್ ಮರದ ಕಾಯಿಯನ್ನು ಎಷ್ಟೋ ಸಮಾಜಗಳು ಮುಖ್ಯ ಆಹಾರವಾಗಿ ತಿಂದರೂ, ಫಲಕ್ಕೆ ವರ್ಷಗಟ್ಟಲೆ ಕಾಯಬೇಕಾದ ಮರವನ್ನು ಯಾರೂ ಪಳಗಿಸಲಿಲ್ಲ. ಬಾದಾಮಿಯದು ಬೇರೆ: ಕಾಡುಬಾದಾಮಿಯ ಕಹಿ ಸಯನೈಡ್ ಬಿಡುಗಡೆ ಮಾಡುವ ವಿಷ, ಆದರೆ ಒಂದೇ ಜೀನಿನ ಬದಲಾವಣೆಯಿಂದ ಸಿಹಿಯಾದ ಮರವನ್ನು ನಾಲಿಗೆಯೇ ಗುರುತಿಸಿಕೊಡುತ್ತದೆ. ಕಾಡು ಮಸೂರದ ತೊಡಕು ಮೊಳೆಯುವುದರಲ್ಲಿತ್ತು. ಬಿತ್ತಿದ ಹತ್ತು ಬೀಜಗಳಲ್ಲಿ ಸುಮಾರು ಒಂದು ಮಾತ್ರ ಆ ವರ್ಷ ಮೇಲೆ ಬರುತ್ತದೆ. ತಡಮಾಡದೆ ಮೊಳೆಯುವ ಗುಣ ಬರದೆ ಅದನ್ನು ಬೆಳೆಯುವುದರಲ್ಲಿ ಲಾಭವಿರಲಿಲ್ಲ.

ಕರ್ನಾಟಕದಲ್ಲಿ ಬೇಸಾಯ ಹೇಗೆ ಆರಂಭವಾಯಿತು?

ಬಳ್ಳಾರಿಯ ಸುತ್ತಮುತ್ತ, ರಾಯಚೂರು ಮತ್ತು ತುಂಗಭದ್ರೆಯ ಬಯಲಿನಲ್ಲಿ ಸುಮಾರು 5,000 ವರ್ಷಗಳ ಹಿಂದಿನಿಂದ ದನಗಾಹಿ ಜನ ನೆಲೆಸಿದ್ದರು. ದನದ ಸಗಣಿಯ ರಾಶಿಗಳನ್ನು ಮತ್ತೆ ಮತ್ತೆ ಸುಟ್ಟು ಅವರು ಉಳಿಸಿದ ಬೂದಿದಿಬ್ಬಗಳು ಕುಡತಿನಿ, ಬೂದಿಹಾಳ ಮೊದಲಾದೆಡೆ ಇವೆ. ಸಂಗನಕಲ್ಲು, ಹಳ್ಳೂರು, ತೆಕ್ಕಲಕೋಟೆಗಳ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬರುವ ಸುಟ್ಟ ಕಾಳುಗಳನ್ನು ಜರಡಿಯಲ್ಲಿ ಹಿಡಿಯುವ ವಿಧಾನದಿಂದ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಸುಮಾರು 4,000 ವರ್ಷಗಳ ಹಿಂದಿನ ಬೆಳೆಗಳನ್ನು ಗುರುತಿಸಿದರು. ಎಲ್ಲೆಡೆ ಮತ್ತೆ ಮತ್ತೆ ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆ, ಮತ್ತು ನವಣೆಯ ಬಳಗದ, ಬಟ್ಟೆಗೆ ಅಂಟಿಕೊಳ್ಳುವ ತೆನೆಯ ಒಂದು ಹುಲ್ಲಿನ ಕಾಳು. ಇವೆಲ್ಲ ದಕ್ಷಿಣ ಭಾರತದ ಒಣಕಾಡು ಮತ್ತು ಹುಲ್ಲುಗಾವಲುಗಳಲ್ಲಿ ತಾವಾಗಿ ಬೆಳೆಯುವಂತಹವು. ಹೊರಗಿನಿಂದ ಬಂದ ಗೋಧಿ, ಬಾರ್ಲಿ ಅಲ್ಪ ಪ್ರಮಾಣದಲ್ಲಿ ಮಾತ್ರ ಇದ್ದವು.

ಇಲ್ಲಿನ ಕಾರಣ ಪಶ್ಚಿಮ ಏಷ್ಯಾದ್ದಕ್ಕಿಂತ ಭಿನ್ನ. ಆ ಸಹಸ್ರಮಾನಗಳಲ್ಲಿ ಮುಂಗಾರು ನಿಧಾನವಾಗಿ ದುರ್ಬಲವಾಗುತ್ತಾ ಬಂದು, ಕಾಡು ಹಿಂದೆ ಸರಿದು ಹುಲ್ಲುಗಾವಲು ಹರಡಿತು. ದನಗಳೊಂದಿಗೆ ಋತುವಿಗೆ ತಕ್ಕಂತೆ ಸರಿದಾಡುವ ಜನರಿಗೆ, ಮಳೆಗಾಲದ ಎರಡು-ಮೂರು ತಿಂಗಳಲ್ಲೇ ಕೈಗೆ ಬರುವ ಕಾಳು ಅವರ ಸಂಚಾರಕ್ಕೆ ಅಡ್ಡಿಯಾಗುತ್ತಿರಲಿಲ್ಲ. ಕಣಜಕ್ಕಿಂತ ಮೊದಲು ಕೊಟ್ಟಿಗೆ ಇದ್ದ ನಾಡು ಇದು. ನಾವು ಇಂದು ನಮ್ಮದೇ ಎಂದು ಭಾವಿಸುವ ರಾಗಿ, ಜೋಳ, ಸಜ್ಜೆ, ಅವರೆ ಆಫ್ರಿಕಾದಲ್ಲಿ ಪಳಗಿ ಆಮೇಲೆ ಇಲ್ಲಿಗೆ ಬಂದವು. ಈ ಮಣ್ಣಿನಲ್ಲೇ ಪಳಗಿದ ಕೊರಲೆಯನ್ನು ತುಮಕೂರು, ಚಿತ್ರದುರ್ಗದ ಕೆಲವು ತಾಲ್ಲೂಕುಗಳ ರೈತರು ಮಳೆ ಕಡಿಮೆಯಾದ ವರ್ಷಗಳಲ್ಲೂ ಬಿತ್ತುತ್ತಾ ಉಳಿಸಿಕೊಂಡು ಬಂದಿದ್ದಾರೆ. ಪಶ್ಚಿಮ ಏಷ್ಯಾದ ಮೊದಲ ಗೋಧಿಗಳಲ್ಲೊಂದಾದ ಎಮ್ಮರ್ ಕೂಡ ಉತ್ತರ ಕರ್ನಾಟಕದಲ್ಲಿ ಸದಕ, ಕಪ್ಲಿ ಎಂಬ ಹೆಸರುಗಳಲ್ಲಿ ಇಂದಿಗೂ ಬೆಳೆಯುತ್ತದೆ. ಹೊಟ್ಟು ಬಿಡದ ಅದರ ಕಾಳನ್ನು ಒಕ್ಕಿದ ಮೇಲೂ ಕುಟ್ಟಿಯೇ ಬಿಡಿಸಬೇಕು.

ಬೆಳೆಗಳ ಕಾಡುಮೂಲಗಳು ಈಗಲೂ ಇವೆಯೇ?

ಬಹುತೇಕ ಇವೆ. ಮೆಕ್ಸಿಕೋದ ಬಾಲ್ಸಾಸ್ ಕಣಿವೆಯಲ್ಲಿ ಮೆಕ್ಕೆಜೋಳದ ಮೂಲವಾದ ಟಿಯೋಸಿಂಟೆ ಹುಲ್ಲು ಬೆಳೆಯುತ್ತದೆ. ಅದರ ತೆನೆಯಲ್ಲಿ ಇರುವುದು ಗಟ್ಟಿ ಚಿಪ್ಪಿನೊಳಗಿನ ಐದರಿಂದ ಹನ್ನೆರಡು ಕಾಳು ಮಾತ್ರ. ಪಶ್ಚಿಮಘಟ್ಟಗಳಲ್ಲಿ ಕಾಡುಹೆಸರು ಇದೆ. ಬೆಳೆಗಳ ತವರುಗಳನ್ನು ಹುಡುಕುತ್ತಾ ಖಂಡಗಳನ್ನು ಸುತ್ತಿ ಬೀಜ ಕೂಡಿಸಿದ ರಷ್ಯಾದ ನಿಕೊಲಾಯ್ ವವಿಲೋವ್ 1943ರಲ್ಲಿ ಸ್ಟಾಲಿನ್ ಕಾಲದ ಸೆರೆಮನೆಯಲ್ಲಿ ತೀರಿಕೊಂಡರು. ಅವರ ಸಂಸ್ಥೆಯ ಸಿಬ್ಬಂದಿ ಲೆನಿನ್‌ಗ್ರಾಡ್ ಮುತ್ತಿಗೆಯ ಹಸಿವಿನಲ್ಲೂ ಆ ಬೀಜಸಂಗ್ರಹವನ್ನು ಮುಟ್ಟದೆ ಕಾಯ್ದರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ರೋಗ ಮತ್ತು ಬರವನ್ನು ತಡೆಯುವ ಗುಣಗಳಿಗಾಗಿ ತಳಿವಿಜ್ಞಾನಿಗಳು ಇಂದು ಮತ್ತೆ ಹೋಗುತ್ತಿರುವುದು ಇಂತಹ ಕಾಡುಗಿಡಗಳ ಬಳಿಗೇ. ಪಳಗುವ ದಾರಿಯಲ್ಲಿ ಬೆಳೆಗಳು ಕಳೆದುಕೊಂಡ ಎಷ್ಟೋ ಜೀನುಗಳು ಅವುಗಳಲ್ಲಿ ಇನ್ನೂ ಇವೆ. ಮೇವು, ರಸ್ತೆ, ಗಣಿಗಾರಿಕೆಗಳಿಂದ ಅವುಗಳ ನೆಲೆ ಕುಗ್ಗುತ್ತಿರುವುದರಿಂದ ಬೀಜ ಬ್ಯಾಂಕ್‌ಗಳಲ್ಲಿ ಸಂಗ್ರಹಿಸುವುದರ ಜೊತೆಗೆ ಬೆಳೆಯುವ ಜಾಗದಲ್ಲೇ ಅವನ್ನು ಉಳಿಸುವ ಕೆಲಸವೂ ನಡೆಯಬೇಕಾಗಿದೆ.